ಗೌರವ ಪ್ರತಿ

ಮೊದಲ ಸಂಕಲನ ನನ್ನದೇ ಹೆಸರಲ್ಲಿ ಬಂತು.
ಐನೂರು ಪ್ರತಿ. ಮಾರಿದ್ದು ನಲವತ್ಮೂರು,
ಅದರಲ್ಲಿ ಹನ್ನೊಂದು ನನ್ನ ಷಡ್ಡಕನಿಗೆ,
ಅವನ ಸಹಕಾರ ಸಂಘದಲ್ಲಿ ಬಹುಮಾನ ಹಂಚಲಿಕ್ಕೆ.
ಶಿವರಾಂಪೇಟೆಯ ಮಹಡಿಯ ಮೇಲೆ ನಾಗಲಿಂಗಾಚಾರ್
ಲೆಕ್ಕದ ಪುಸ್ತಕ ನನ್ನತ್ತ ತಿರುಗಿಸಿದರು:
"ಸಾಗಣೆ ಕಳೆದು, ಗೆದ್ದಲು ತಿಂದದ್ದು ಕಳೆದು
ನಿಮಗೆ ಬರಬೇಕಾದ್ದು ಅರವತ್ತೆಂಟು ರೂಪಾಯಿ.
ನಗದೋ, ಪುಸ್ತಕವೋ?"
ನಗದು ಅಂದೆ. ಇಳಿದು ಬಂದು
ಒಂದು ಸೆಟ್ ದೋಸೆ, ಒಂದು ಕಾಫಿ.
ಉಳಿದ ಚಿಲ್ಲರೆಗೆ ಮೂರು ರಸಬಾಳೆ,
ಒಂದನ್ನು ಮನೆಗೆ ತಂದೆ.

ಆಮೇಲೆ ಹುಟ್ಟಿದಳು ಕಾಳವ್ವ.

ಹುಟ್ಟಿದ್ದು ಸರಸ್ವತೀಪುರದ ಬಾಡಿಗೆ ಮನೆಯಲ್ಲಿ,
ಮಂಗಳವಾರ, ಕರೆಂಟು ಹೋದ ಹೊತ್ತು.
ನಾನು ಬರೆದದ್ದು ಮಾತ್ರ ಹೀಗೆ:
ಲೋಕಪಾವನಿಯ ದಡ, ಕಡವಿನಕೊಪ್ಪಲು,
ಇನ್ನೂರೈವತ್ತು ವರ್ಷದ ಹಿಂದೆ, ಸುಂಕದವನ ಹೆಂಡತಿ,
ಗಾಡಿ ಎಣಿಸುತ್ತ ಎಣಿಸುತ್ತ ಪದ ಕಟ್ಟಿದವಳು.
ಮೂವತ್ತು ವರ್ಷ ತಾಲ್ಲೂಕು ಕಚೇರಿಯಲ್ಲಿ
ಹಳೇ ಕಡತದ ಧೂಳು ಕುಡಿದವನು ನಾನು.
ಊರಿನ ಹೆಸರು ಅಲ್ಲೇ ಯಾವುದೋ ಪಹಣಿಯಲ್ಲಿ ಸಿಕ್ಕಿದ್ದು.
ಒತ್ತಕ್ಷರ ಬಿಟ್ಟೆ, ಮಹಾಪ್ರಾಣ ನುಂಗಿದೆ.
ಅಂಕಿತಕ್ಕೇ ಮೂರು ರಾತ್ರಿ ಹೋಯಿತು,
ಕಡೆಗೆ ಹಾಲಿನವನ ಬಾಕಿ ಚೀಟಿಯ ಹಿಂದೆ ಹೊಳೆಯಿತು.

   ಉಪಿನ ಗಾಡಿಗೆ ಎರಡು ಕಾಸು
   ಸೊಪಿನ ಗಾಡಿಗೆ ಒಂದೇ ಕಾಸು
   ಬರಿಗೈಲಿ ಬಂದವಗೆ ಏನು ಸುಂಕ ಹೇಳು
   ಆಚೆ ದಡದಯ

ಮೂಲ ಓಲೆಗರಿ ಪ್ರವಾಹದಲ್ಲಿ ಹೋಯಿತು ಅಂದೆ.
ಯಾವ ಪ್ರವಾಹ ಎಂದು ಯಾರೂ ಕೇಳಲಿಲ್ಲ.
ನನ್ನ ಸಂಕಲನವನ್ನು 'ಒಣಕಲು' ಎಂದಿದ್ದ ಪ್ರೊಫೆಸರ್ ಹಲಗಪ್ಪ
ಮುನ್ನುಡಿ ಬರೆದರು, ಇಪ್ಪತ್ತೆರಡು ಪುಟ.
ಒಣಕಲು ಈಗ 'ನೆಲದ ನಿರಾಭರಣ ನುಡಿ'.
ಎರಡನೇ ಮುದ್ರಣ. ಮೂರನೆಯದು.
ಒಂದು ವಿಚಾರ ಸಂಕಿರಣ, ಉಪ್ಪಿಟ್ಟು ಕೇಸರಿಭಾತು ಸಮೇತ.

ಹಿಗ್ಗುತ್ತ ಮಹಡಿ ಹತ್ತಿದೆ.
ಆಚಾರ್ ಕನ್ನಡಕ ಒರೆಸಿಕೊಂಡರು:
"ಕವಯಿತ್ರಿ ತೀರಿಕೊಂಡು ಎರಡು ಶತಮಾನವಾಯಿತಲ್ಲ,
ಗೌರವಧನದ ಪ್ರಶ್ನೆಯೇ ಏಳುವುದಿಲ್ಲ.
ಸಂಪಾದಕರಿಗೆ, ಪದ್ಧತಿಯಂತೆ,
ಹತ್ತು ಗೌರವ ಪ್ರತಿ."
ನಾನೇ ಸ್ವಾಮಿ ಅವಳು, ಎಂಬ ಮಾತು
ಹಲ್ಲಿನ ತನಕ ಬಂದು ನಿಂತಿತು.
ಹತ್ತೂ ಪುಸ್ತಕ ಚೀಲಕ್ಕೆ ತುಂಬಿಕೊಂಡು
ಈ ಸಲ ದೋಸೆಯೂ ಇಲ್ಲದೆ ನಡೆದೇ ಮನೆಗೆ ಬಂದೆ.

ಕಡವಿನಕೊಪ್ಪಲಿನಲ್ಲಿ ಸನ್ಮಾನ, ಶಾಲೆಯ ಜಗುಲಿ.
ಒಂದು ಶಾಲು (ಮಡಿಕೆಯಲ್ಲಿ ಹಿಂದಿನವರ ಕುಂಕುಮ),
ಎರಡು ಅಚ್ಚು ಬೆಲ್ಲ, ಒಂದು ತೆಂಗಿನಕಾಯಿ.
ಮುಗಿದ ಮೇಲೆ ಮುದುಕಿಯೊಬ್ಬಳು ದಾರಿಗಡ್ಡ ನಿಂತಳು,
ಹೆಸರು ದ್ಯಾವೀರಮ್ಮ.
"ಏನ್ಸಾಮಿ, ಕಾಳವ್ವ ನಮ್ ತಾತನ್ ಕಡೆಯೋಳು.
ಪುಸ್ತುಕ ಮೂರ್ ಸಲ ಅಚ್ಚಾಯ್ತಂತೆ.
ದುಡ್ಡೆಲ್ಲಿ? ವಾರಸ್ದಾರ್ರು ನಾವಿನ್ನೂ ಬದುಕಿಲ್ವಾ?"

ಅವಳ ಕಣ್ಣು ನೋಡಿದೆ. ಸುಳ್ಳಿನ ಕಸುಬಿನವನಿಗೆ
ಇನ್ನೊಬ್ಬರ ಸುಳ್ಳು ತಿಳಿಯಬೇಕು.
ತಿಳಿಯಲಿಲ್ಲ.
"ಮುಂಗೋಪಿ ಅಂತೆ," ಅಂದಳು, "ಎಡಗೈಲೇ ದುಡ್ಡೆಣಿಸೋಳಂತೆ."
ಎಡಗೈ. ಅದು ನನಗೆ ಹೊಳೆದೇ ಇರಲಿಲ್ಲ.

ಪಿಂಚಣಿಯ ಐನೂರು ತೆಗೆದು ಕೊಟ್ಟೆ.
ಗುಮಾಸ್ತೆಯ ಚಟ, ರಸೀದಿ ಕೇಳಿದೆ.
ನೋಟು ಪುಸ್ತಕದ ಹಾಳೆ ಹರಿದು
ಮೊಮ್ಮಗಳು ಬರೆದಳು, ಅಜ್ಜಿ ಹೆಬ್ಬೆಟ್ಟು ಒತ್ತಿದಳು:

   ಕಾಳವನ ಬಾಬತು ಐನೂರು ರುಪಾಯಿ
   ನಮಗೆ ಮುಟಿತು

ಬಸ್ಸಿನಲ್ಲಿ ಮೂರು ಸಲ ಓದಿದೆ.
ಶ್ರೀರಂಗಪಟ್ಟಣ ದಾಟುವಾಗ
ತಿದ್ದಲೆಂದು ಪೆನ್ನಿನ ಮುಚ್ಚಳ ತೆಗೆದೆ,
ಹೊಳೆ ಕಂಡಿತು,
ಮುಚ್ಚಿದೆ.