ಬಲದಿಂದ ಎಡಕ್ಕೆ

ಹದಿನಾಲ್ಕನೇ ಮಂಚದ ಅಜ್ಜಿ ನಡೆದುಕೊಂಡೇ ಮನೆಗೆ ಹೋದ ದಿನ
ಅವರ ಮಗಳು ನನ್ನ ಕೈಗೊಂದು ಲಕೋಟೆ ತುರುಕಿದಳು.
ಒಳಗೆ ದುಡ್ಡಲ್ಲ, ಊಟ: ನಲವತ್ತು ದಿನಾರಿನ ಚೀಟಿ,
ಮನಾಮದ ಕಡಲಂಚಿನ ಜಪಾನೀ ಕೆಂಡದಡುಗೆಯ ಹೋಟೆಲಿನದು.
ಚಿಲ್ಲರೆ ವಾಪಸಿಲ್ಲ ಅಂತ ಬೆನ್ನಿಗೆ ಅಚ್ಚಾಗಿತ್ತು.
ಕಮ್ಮಿ ತಿಂದರೆ ಅವರಿಗೆ ಲಾಭ, ಹೆಚ್ಚು ತಿಂದರೂ ಅವರಿಗೇ.

ಜೆಸಿಂತಾ ನೀಲಿ ಉಡುಪಿಗೆ ಎರಡು ಸಲ ಇಸ್ತ್ರಿ ಹಾಕಿದಳು.
ನಾನು ಹೊರಡುವ ಮುಂಚೆ ಬಾಳೆಹಣ್ಣು ತಿಂದೆ, ಬೇಕಂತಲೇ.
ಹಸಿದವಳ ಕೈಗೆ ಮೆನು ಕೊಡಬಾರದು.

ಎಕ್ಸ್‌ರೇ ಕವರಿನಷ್ಟು ದೊಡ್ಡ ಮೆನು.
ಆರು ವರ್ಷವಾದರೂ ಅರಬ್ಬಿ ಓದಲು ಬಾರದ ನಾವು
ಆವತ್ತು ಬಲದಿಂದ ಎಡಕ್ಕೆ ಸರಾಗ ಓದಿದೆವು:
ಮೊದಲು ಬೆಲೆ, ಆಮೇಲೆ ಹೆಸರು.
ಬಿಂದುವಿನಾಚೆ ಇಲ್ಲಿ ಮೂರು ಅಂಕಿ.
ಬಿಂದು ಒಂದು ಮನೆ ಜರುಗಿದರೆ ಏನಾಗುತ್ತದೆಂದು
ಸಿರಿಂಜು ಹಿಡಿದವರಿಗೆ ಯಾರೂ ಹೇಳಿಕೊಡಬೇಕಿಲ್ಲ.

‘ವಾಗ್ಯು, ಹದಿನಾರು. ಪರವಾಗಿಲ್ವಲ್ಲ?’ ಅಂದಳು ಜೆಸಿಂತಾ.
ಅಡಿಯಲ್ಲಿ ಇರುವೆ ಸಾಲು: ನೂರು ಗ್ರಾಮಿಗೆ.
ಇನ್ನೊಂದು ಇರುವೆ ಸಾಲು: ಕನಿಷ್ಠ ಮುನ್ನೂರು.
ಇಬ್ಬರೂ ಒಟ್ಟಿಗೆ ಪುಟ ಮಗುಚಿದೆವು,
ಸತ್ತವರ ಮುಖಕ್ಕೆ ಬಟ್ಟೆ ಎಳೆದ ಹಾಗೆ.

ಟೀಕಾರಾಮ ಬಂದ, ಧನಕುಟದವನು, ಕಪ್ಪು ಏಪ್ರನ್ನು.
ನಮ್ಮ ಮುಖ ನೋಡಿದ, ಚೀಟಿ ನೋಡಿದ,
ಹಿಂದಿಗೆ ಇಳಿದು ದನಿ ತಗ್ಗಿಸಿದ.
‘ದೀದಿ, ಗುಳ್ಳೆ ನೀರು ಬೇಡ. ಎಲ್ಲ ಒಂದೇ ಸಲ ಹೇಳಬೇಡಿ.
ಎರಡು ಹೇಳಿ, ತಿನ್ನಿ, ಕೆಂಡ ನೋಡುತ್ತ ಕೂತಿರಿ,
ಆಮೇಲೆ ಹೊಟ್ಟೆಯನ್ನು ಕೇಳಿ. ಕಣ್ಣನ್ನಲ್ಲ.
ಕೋಳಿ ತೊಡೆಯ ಕಡ್ಡಿ. ಮೀನಿನ ಕತ್ತು. ಬದನೆ.’

ಉದ್ಯಾವರದವಳಿಗೆ ಮೀನಿನ ಕತ್ತಿನ ವಿಷಯ ಹೇಳಬೇಕೇ?
‘ಅಗ್ಗದ್ದೇ ರುಚಿ ಅಂತ ಇವರಿಗಿನ್ನೂ ಗೊತ್ತಾಗಿಲ್ಲ,’
ಅಂದವಳೇ ಎಲುಬಿನ ಸಂದಿಗೆ ಬೆರಳು ಹಾಕಿದಳು,
ಚಾಪ್‌ಸ್ಟಿಕ್ಕು ಪಕ್ಕಕ್ಕಿಟ್ಟು.

ಬದನೆಗೆ ಐದೂವರೆ ದಿನಾರು.
ಹರಿಹರದಲ್ಲಿ ನನ್ನ ಅತ್ತಿಗೆ ಕೇಳಿದರೆ ಫೋನೇ ಇಟ್ಟುಬಿಡುತ್ತಾಳೆ.
ಸೀಳಿ, ಮಿಸೋ ಸವರಿ, ಕೆಂಡಕ್ಕೆ ಬೆನ್ನು ಕೊಟ್ಟು ಮಲಗಿಸಿದ್ದು.
ಒಳಗೆ ಬೆಣ್ಣೆ, ಅಂಚಿಗೆ ಸುಟ್ಟ ಬೆಲ್ಲ.
ಎರಡನೇ ತುತ್ತಿಗೆ ತೀರ್ಮಾನಿಸಿದೆ:
ಅತ್ತಿಗೆಗೆ ಒಂದು ದಿನಾರು ಅಂತ ಹೇಳುವುದು.

‘ಇದನ್ನೆಲ್ಲ ನೀನು ತಿಂದಿದ್ದೀಯಾ?’ ಕೇಳಿದಳು ಜೆಸಿಂತಾ.
‘ಸೇರಿದ ವಾರ ಒಂದೊಂದು ಚಮಚ, ಹೆಸರು ಕಲಿಯೋದಕ್ಕೆ.
ಆಮೇಲೆ ದಾಲ್‌ಭಾತ್. ಆದರೆ ತಟ್ಟೆಗಳು ವಾಪಸು ಬರ್ತಾವಲ್ಲ,
ಯಾವುದು ಖಾಲಿ ಬರುತ್ತೆ ಅಂತ ಮೂರು ವರ್ಷದಿಂದ ನೋಡ್ತಿದ್ದೀನಿ.’
ಅಷ್ಟರಲ್ಲಿ ಪಕ್ಕದ ಮೇಜಿನಿಂದ ಹಾಗೇ ಎದ್ದು ಬಂತು ವಾಗ್ಯು,
ತಣ್ಣಗೆ, ಫೋಟೋ ತೆಗೆಸಿಕೊಂಡು.

ನಾವೂ ಅದನ್ನೇ ನೋಡುವವರು.
ಅಜ್ಜಿಯ ತಟ್ಟೆ ಇಪ್ಪತ್ತು ದಿನ ತುಂಬಿಯೇ ಮರಳುತ್ತಿತ್ತು.
ಇಪ್ಪತ್ತೊಂದನೇ ದಿನ ಅನ್ನದ ಮೂಲೆ ಮುರಿದಿತ್ತು,
ಡಾಕ್ಟರು ಬರೆಯುವ ಮುಂಚೆ ನಾನು ಬರೆದುಕೊಂಡಿದ್ದೆ.

ಬಿಲ್ಲು: ಮೂವತ್ತೊಂಬತ್ತು ದಿನಾರು ಆರುನೂರೈವತ್ತು ಫಿಲ್ಸ್,
ಸೇವೆ, ತೆರಿಗೆ, ಒಂದು ಜೋಳದ ತೆನೆ ಸೇರಿ.
ಪರೀಕ್ಷೆ ಪಾಸಾದವರಂತೆ ಕೈ ಕುಲುಕಿಕೊಂಡೆವು.
ಟೀಕಾರಾಮನಿಗೆ ಎರಡು ದಿನಾರು, ನಮ್ಮದೇ ಪರ್ಸಿನಿಂದ.

ಒಲೆಯ ಹಿಂದಿನವನು ರಾತ್ರಿಯಿಡೀ ಮಾತಾಡಿರಲಿಲ್ಲ,
ದೋಣಿಯ ಹುಟ್ಟಿನಂಥ ಉದ್ದ ಹಲಗೆಯಲ್ಲಿ ತಟ್ಟೆ ಚಾಚುತ್ತಿದ್ದ.
ನಾವು ಎದ್ದಾಗ ಇನ್ನೊಮ್ಮೆ ಚಾಚಿದ.
ತುದಿಯಲ್ಲೊಂದು ತಣ್ಣನೆಯ ಇದ್ದಿಲು, ಹೆಬ್ಬೆರಳಿನಷ್ಟು.
ಜೆಸಿಂತಾ ಅದನ್ನೇ ದಿಟ್ಟಿಸುತ್ತಿದ್ದುದು ಕಂಡಿರಬೇಕು.

ಮನೆಗೆ ಬಂದು ಚಮಚದಲ್ಲಿ ತಟ್ಟಿದೆವು.
ಮರ ಅನ್ನುವ ಹಾಗಿಲ್ಲ. ಕಂಚಿನ ಲೋಟದ ದನಿ.
ಎದುರು ಮಂಚದ ರಾಜಮ್ಮ ಎದ್ದು ಬೈದಳು,
ಅವಳದು ಬೆಳಗಿನ ಪಾಳಿ.

ಈಗ ಫ್ರಿಜ್ಜಿನೊಳಗಿದೆ ಅದು,
ಜೆಸಿಂತಾಳ ಒಣಮೀನಿನ ಡಬ್ಬಿಯ ಪಕ್ಕ,
ವಾಸನೆ ಹೀರುತ್ತ.