ನೆಳ್ಳಾಗ ಒಣಗಬೇಕಾದದ್ದು

ಮೊದಲು ಕಿಸೆ ಖಾಲಿ ಮಾಡಬೇಕು.
ಪೆಟ್ರೋಲ್ ಚೀಟಿ ಎರಡು, ಚಿಲ್ಲರೆ ಏಳು ರೂಪಾಯಿ,
ಕಾಗದಕ್ಕ ಅಂಟಿದ ಅರ್ಧ ಶೇಂಗಾ ಚಿಕ್ಕಿ.
ಒಳಕಿಸೆಯಾಗ, ಹೊಲಿಗಿಗೆ ಕಚ್ಚಿಕೊಂಡು,
ಸೀಸೆ ಮ್ಯಾಲಿಂದ ಉದುರಿದ್ದ ಹೆಸರಿನ ಚೀಟಿ:
ಫಕ್ಕೀರವ್ವ ಕುರಹಟ್ಟಿ, ಅರವತ್ತೊಂದು, ಉಪಾಸದ ಸಕ್ಕರಿ.

ಅಂದ್ರ ಆವತ್ತಿನ ಹೆಸರಿಲ್ಲದ ರಕ್ತ ಈಕೀದು.
ಡಂಬಳಕ್ಕ ಮತ್ತ ಹೋಗಿ, ಮತ್ತ ಚುಚ್ಚಿ ಬಂದಿದ್ದೆ.
"ನಿನ್ನಿ ಒಯ್ದದ್ದು ಸಾಲಲಿಲ್ಲೇನವಾ?" ಅಂದಿದ್ದಳು.
ಸಾಲಲಿಲ್ಲ ಅಂದಿದ್ದೆ.

ಜಾಕೆಟ್ ಕಟ್ಟಿ ಮ್ಯಾಲ ಬೋರಲ ಮಲಗೇತಿ.
ಹುಬ್ಬಳ್ಳ್ಯಾಗ ಯಾರೋ ಎತ್ತರದಾಂವ ತೊಟ್ಟು ಬಿಟ್ಟದ್ದು,
ನಾಕು ಸಾವಿರಕ್ಕ ಕೊಂಡದ್ದು.
ಮೂರು ವರ್ಷ ಆತು, ಹೆಗಲು ಇನ್ನೂ ಅವನ ನೆನಪಿನ್ಯಾಗ ಐತಿ.
ಮೊಣಕೈ ಮಾತ್ರ ನನ್ನದು.

ಅವ್ವ ಮಗ್ಗದ ಕುಣಿಯಿಂದನ ಒದರತಾಳ:
"ತೊಗಲು ಒಳಗ ತರಬ್ಯಾಡ!"
ತಂದಿಲ್ಲ. ಹೊಸ್ತಿಲದ ಈಚೆ ಕುಂತೀನಿ.
ಬೆಟಗೇರಿಯ ಈ ಓಣ್ಯಾಗ ನೂಲಿಗೆ ಇರೂ ಮರ್ಯಾದಿ
ತೊಗಲಿಗೆ ಇನ್ನೂ ಬಂದಿಲ್ಲ.

ಒಣ ಬ್ರಷ್ಶಿನಿಂದ ಮೊದಲು ಮಣ್ಣು.
ಮುಂಡರಗಿ ರಸ್ತೇದ್ದು ಕರಿ, ಗುಡ್ಡದ ಕಡೇದ್ದು ಕೆಂಪು,
ಹೊಲಿಗಿ ಸಂದ್ಯಾಗ ಎರಡೂ ಕೂಡಿ ಬೆಲ್ಲದ ಬಣ್ಣ.
ಎದಿ ತುಂಬ ಹುಳ,
ಸಂಜಿ ದೀಪಕ್ಕ ಬಂದು ನನಗ ಬಡದು ಸತ್ತವು.
ಕೆರೀಬಾರದು. ಹಸಿ ಅರಿವಿ ಹಾಸಿ
ಹತ್ತು ನಿಮಿಷ ಸುಮ್ಮನಿದ್ರ ತಾವ ಬಿಡತಾವ.

ಇದು ಹುಚ್ಚೀರಪ್ಪಜ್ಜ ಕಲಿಸಿದ್ದು.
ಸ್ಟೇಷನ್ ರೋಡಿನ ಬೇವಿನ ಬುಡದಾಗ
ಮೂರು ಕಾಲಿನ ಕಬ್ಬಿಣದ ಮುಂದ ಮುದುಕ ಆದಾಂವ.
ಜಲ್ಲಿ ಮ್ಯಾಲ ಜಾರಿ ಬಿದ್ದ ಮರುದಿನ ಒಯ್ದು ಕೊಟ್ರ
ಹರದದ್ದು ನೋಡಲಿಲ್ಲ, ಮೂಸಿದ.
"ಎಮ್ಮಿ" ಅಂದ. "ಇಲ್ಲಿ ನೋಡು,"
ಬೆನ್ನ ಮ್ಯಾಲ ಬೆರಳಿಟ್ಟು, "ಬೇಲಿ ಗೀರಿದ್ದು.
ಜೀವ ಇದ್ದಾಗಿನ ಗಾಯ, ಮಾದು ಮ್ಯಾಲ ಬಂದೈತಿ.
ನಿಂದು ಮಾಯೂದಿಲ್ಲ ತಂಗಿ, ಹೊಲೀಬೇಕು."
ಒಂಬತ್ತು ಹೊಲಿಗಿ ಹಾಕಿದ.
ನನ್ನ ಮೊಣಕೈಗೆ ಡಾಕ್ಟರ್ ಹಾಕಿದ್ದು ಬರೇ ಎರಡು.

ಬಿಸಲಿಗೆ ಬ್ಯಾಡ ಅಂದ. ಅರಿವಿ ಒಗಿಯೂ ಪುಡಿ ಬ್ಯಾಡ.
ಕೊಬ್ಬರಿ ಎಣ್ಣಿ ಹಚ್ಚೂದು ಅಂದ್ರ ಇಲಿಗೆ ಬಾ ಅಂದಂಗ.
ಕೂಸಿನ ಸಬಕಾರ, ಅದರ ನೊರಿ ಅಷ್ಟ.
"ಕೂಸಿನ ಮಾರಿ ಒರಸ್ತಿಯಲ್ಲ, ಹಂಗ."
ನನಗ ಕೂಸಿಲ್ಲ ಅಂತ ಹೇಳಲಿಲ್ಲ.
ಒರಸೂದು ಬರತೈತಿ: ಚುಚ್ಚೂಕಿಂತ ಮೊದಲ,
ಮೊಣಕೈ ಒಳಮಗ್ಗಲು, ಹತ್ತಿ, ಸ್ಪಿರಿಟ್,
ಒಂದ ದಿಕ್ಕಿಗೆ.

ಕೊಳ್ಳಪಟ್ಟಿಗೆ ಉಪ್ಪಿನ ಬಿಳಿ ಗೆರಿ.
ಏಪ್ರಿಲ್‌ದೊಂದು, ಮೇದೊಂದು,
ಕೆರಿ ಬತ್ತುವಾಗ ದಂಡಿ ಬಿಟ್ಟ ಗುರುತಿನಂಗ.

ಕೈಗವಸು ತೊಟ್ಟುಕೊಂಡ ತೊಳಿಬೇಕು,
ಒಂದ ಕೈಯಿಂದ ಇನ್ನೊಂದ ಕೈ,
ಉಂಡು ಎದ್ದವರಂಗ.
ಯಾರದೋ ದೊಡ್ಡ ಕೈ ತೊಳದಂಗ ಅನಸ್ತೈತಿ.
ಬೆರಳ ತುದಿಯಿಂದ ಕರಿ ನೀರು ಇಳದು
ತುಳಸಿ ಕಟ್ಟಿ ಕಡೆ ಹೊಂಟಾಗ
ಕಾಲಿನಿಂದ ಅದರ ದಾರಿ ತಿರುಗಿಸಿದೆ.

ಮಗ್ಗದ ಸಪ್ಪಳ ನಿಂತು ಭಾಳ ಹೊತ್ತಾಗೇತಿ.
ಅವ್ವ ಹೊಸ್ತಿಲದಾಗ ನಿಂತಾಳ,
ಕೈಯಾಗ ಗಂಜಿ ಬಿಟ್ಟ ಹಳೇ ಸೀರಿ ತುಂಡು.
"ಅಷ್ಟು ಒರಟು ಅರಿವ್ಯಾಗ ಒರಸಿದ್ರ ಗೀರು ಬೀಳತಾವ,
ಅಷ್ಟೂ ತಿಳ್ಯೂದಿಲ್ಲ."
ಕೊಡಲಿಲ್ಲ, ಎಸದಳು.
ಎಸದದ್ದು ಉಡ್ಯಾಗ ಬಂದು ಬಿತ್ತು.

ಕಡ್ಲಿಕಾಳಷ್ಟು ಜೇನುಮೇಣ,
ಬೆರಳಿನ ಬಿಸಿಗೆ ಕರಗುವಷ್ಟು.
ಬೆನ್ನ ಮ್ಯಾಲ ಬೇಲಿ ಗೀರಿದ ಕಡೆ
ಅದು ಬ್ಯಾರೆ ಕಡೀಗಿಂತ ಲಗೂ ಒಳಗ ಹೋತು.
ಝಿಪ್ಪಿಗೆ ಮೇಣಬತ್ತಿ ತುಂಡು.

ಮೊಳಿಗೆ ಹಾಕಿದ್ರ ಹೆಗಲಿಗೆ ಕೊಂಬು ಬರತಾವಂತ.
ಮುರದ ಮಗ್ಗದ ದಪ್ಪ ಕೋಲು ಅಡ್ಡ ಕಟ್ಟಿ
ತಡಕಿ ನೆಳ್ಳಾಗ ತೂಗ ಹಾಕೀನಿ.
ಗಾಳಿಗೆ ತೋಳು ತುಂಬಿಕೊಂಡು
ಯಾರನ್ನೋ ಕರದಂಗ ಮಾಡತಾವ, ಮತ್ತ ಬಿಡತಾವ.

ಚೀಟಿ ಮತ್ತ ಒಳಕಿಸೆಗೇ ಇಟ್ಟೆ.
ನಾಳೆ ಸೋಮವಾರ, ಡಂಬಳದ ದಿನ.
ಖಾಲಿ ಹೊಟ್ಯಾಗ ಕಾಯತಿರತಾರ,
ಏಳರೊಳಗ ಮುಟ್ಟಬೇಕು.

ಮೊಣಕೈ ಇನ್ನೂ ಹಸಿ ಐತಿ.