ಐದನೆಯದು

ಜನವರಿಯಲ್ಲಿ ನರೀನ್ ಪಟ್ಟಣದ ಡೀಸೆಲ್
ಹೆರೆತ ತುಪ್ಪದ ಹಾಗೆ ಮಂಕಾಗುತ್ತದೆ.
ತಾಷ್ತಾನ್ ತನ್ನ ಹಳೇ ಮರ್ಸಿಡಿಸನ್ನು
ಬೆಳಗ್ಗೆ ಕುದುರೆಯಿಂದ ಎಳೆಸಿಕೊಂಡು ಬಂದ.
ಕುದುರೆಗೆ ನಾಚಿಕೆಯಿರಲಿಲ್ಲ. ಅವನಿಗಿತ್ತು.

"ಬ್ಯಾಟರಿ ಸತ್ತಿದೆ" ಅಂದ.
ಬ್ಯಾಟರಿ ರಾತ್ರಿಯೆಲ್ಲ ಅವನ ಒಲೆಯ ಪಕ್ಕ
ಮೊಮ್ಮಗಳ ಕಾಲ್ದೆಸೆಯಲ್ಲಿ
ಕಂಬಳಿ ಹೊದ್ದು ಮಲಗಿತ್ತಂತೆ.
ಡೀಸೆಲ್ಲಿಗೆ ನೀರು ಬೆರೆಸಿದ್ದಾರೆಂದು ಷಡ್ಡಕನ ವಾದ.
ದೃಷ್ಟಿ ತಾಗಿದೆಯೆಂದು ಹೆಂಡತಿ,
ಬಾನೆಟ್ಟಿಗೆ ಆರ್ಚಾ ಸೊಪ್ಪಿನ ಹೊಗೆ ಹಾಕಿಯೂ ಆಗಿತ್ತು.

ನಾನು ಮೀಟರಿನ ಎರಡು ಮುಳ್ಳು ತೆಗೆದೆ,
ಕೆಂಪನ್ನು ಪ್ಲಗ್ಗಿನ ನೆತ್ತಿಗೆ, ಕಪ್ಪನ್ನು ಇಂಜಿನ್ನಿನ ಮೈಗೆ.
ಮೊದಲನೆಯದು: ಮುಕ್ಕಾಲು ಓಮ್. ಜೀವವಿದೆ.
ಎರಡು: ಮೀಟರು ಬರೀ ಬಯಲು ತೋರಿಸಿತು.
ಮೂರು: ಬಯಲು.
ನಾಲ್ಕು: ಒಂದರ ಆಚೆ ಈಚೆ ತಡವರಿಸಿ ನಿಂತಿತು.
ಐದನೆಯದು ಕಣ್ಣಿಗೇ ಬೀಳುವುದಿಲ್ಲ.
ನಳಿಗೆಗಳ ಕೆಳಗೆ, ಹಿಂದಿನ ಗೋಡೆಗೆ ಒತ್ತಿ,
ಊಟಕ್ಕೆ ಕರೆದರೂ ಏಳದವನ ಹಾಗೆ ಕೂತಿರುತ್ತದೆ.

ಪೆಟ್ರೋಲಿನ ಗಾಡಿಗೆ ಕಿಡಿ ಬೇಕು.
ಡೀಸೆಲ್ಲಿಗೆ ಬೇಡ; ಗಾಳಿಯನ್ನು ಹಿಸುಕಿದರೆ
ಆ ಹಿಸುಕಿದ ಬಿಸಿಗೇ ಹೊತ್ತಿಕೊಳ್ಳುತ್ತದೆ.
ಚಳಿಗೆ ಸೆಟೆದ ಕಬ್ಬಿಣ ಆ ಬಿಸಿಯನ್ನು ಕುಡಿದುಬಿಡುತ್ತದೆ, ಅಷ್ಟೆ.
ಅದಕ್ಕೇ ಈ ಪೆನ್ಸಿಲ್ ದಪ್ಪದ ಕಡ್ಡಿ,
ಬೆಂಕಿ ಬರುವ ಮೊದಲೇ ಹೋಗಿ
ಕೋಣೆ ಬೆಚ್ಚಗೆ ಮಾಡಿಟ್ಟು
ಬೆಂಕಿ ಬಂದಮೇಲೆ ಎದ್ದು ಹೋಗುವ ಆಳು.

ಬಿಚ್ಚುವುದೇ ಕಷ್ಟ.
ಮೂವತ್ತು ವರ್ಷದ ಮಸಿ ಮರೆಗಳನ್ನು ಕಚ್ಚಿಕೊಂಡಿರುತ್ತದೆ.
ಅವಸರಿಸಿದರೆ ಕತ್ತು ಮುರಿದು ಒಳಗೇ ಉಳಿಯುತ್ತದೆ,
ಆಮೇಲೆ ಇಂಜಿನ್ನಿನ ತಲೆಯಿಳಿಸಬೇಕು,
ಅಂದರೆ ತಾಷ್ತಾನ್ ಎರಡು ಹಸು ಮಾರಬೇಕು.
ಎಣ್ಣೆ ಬಿಟ್ಟೆವು. ಚಹಾ ಕುಡಿದೆವು.
ಮತ್ತೆ ಎಣ್ಣೆ. ಮತ್ತೆ ಚಹಾ.
ಕಾಲು ಸುತ್ತು ಬಿಚ್ಚು, ಅರ್ಧ ಹಿಂದಕ್ಕೆ ತಿರುಗಿಸು,
ಕೀರಲು ದನಿ ಬಂದರೆ ಕೈ ತೆಗೆ:
ಗುರು ಜಾಕಿಪ್ ಕಲಿಸಿದ್ದು ಇಷ್ಟೇ,
ಉಳಿದದ್ದನ್ನು ಮುರಿದ ಪ್ಲಗ್ಗುಗಳು ಕಲಿಸಿದವು.

ಎರಡು ಬಂತು, ಮೂರು ಬಂತು.
ಐದನೆಯದಕ್ಕೆ ನನ್ನ ಕೈ ಹೋಗಲಿಲ್ಲ.
ಟ್ರ್ಯಾಕ್ಟರು ತಿಂದು ಬೆಳೆದ ಕೈ,
ಗೆಣ್ಣುಗಳು ಶುಂಠಿಯ ಹಾಗೆ.

ಬರ್ಮೆತ್ ಮೂಲೆಯಲ್ಲಿ ರಸೀತಿ ಬರೆಯುತ್ತಿದ್ದಳು.
ಅವಳಪ್ಪ ಅವಳನ್ನು ಕಳಿಸಿದ್ದು ಲೆಕ್ಕಕ್ಕೆ,
ವಸಂತದಲ್ಲಿ ಮದುವೆ, ಅಲ್ಲಿಯವರೆಗೆ ಮಾತ್ರ.
"ನಾನು ನೋಡಲಾ?" ಎಂದಳು,
ಉಂಗುರ ಕಳಚಿ ಬೆಂಚಿನ ಮೇಲಿಟ್ಟು.
ತಾಷ್ತಾನ್ ಏನೋ ಹೇಳಲು ಬಾಯಿ ತೆರೆದ,
ಅವನ ಬಟ್ಟಲಿಗೆ ನಾನು ಚಹಾ ಸುರಿದೆ.

ಮೊಣಕೈವರೆಗೆ ಕತ್ತಲಲ್ಲಿ ತೋಳು.
ಕಣ್ಣು ಮುಚ್ಚಿಕೊಂಡು ಬೆರಳಲ್ಲೇ ಓದುತ್ತಿದ್ದಳು.
ಕೀರಲು ದನಿ.
ಕೈ ತೆಗೆದಳು.
ನಾನು ಹೇಳಿಕೊಟ್ಟಿರಲಿಲ್ಲ.

ಬಜಾರಿನಲ್ಲಿ ಸಿಕ್ಕಿದ್ದು ಮೂರೇ ಹೊಸವು.
ನಾಲ್ಕನೆಯದನ್ನು ಹಾಗೇ ಬಿಟ್ಟೆ;
ಐದು ಬೆರಳೂ ಒಂದೇ ಸಮ ಇರುತ್ತವೆಯೇ?
ಕೀಲಿ ತಿರುಗಿಸಿ, ಹಳದಿ ದೀಪ ಆರುವವರೆಗೂ
ತಾಷ್ತಾನ್ ಉಸಿರು ಬಿಡಲಿಲ್ಲ.
ಒಂದು ಕೆಮ್ಮು. ಬಿಳಿ ಹೊಗೆ. ಇನ್ನೊಂದು ಕೆಮ್ಮು,
ಆಮೇಲೆ ಐದೂ ಒಟ್ಟಿಗೆ ಜಗಳ ಶುರುಮಾಡಿದವು.
ಅರ್ಧ ದುಡ್ಡು, ಅರ್ಧ ಒಣಗಿದ ಮೊಸರಿನ ಉಂಡೆ ಕೊಟ್ಟು
ಕುದುರೆಯನ್ನು ಇಲ್ಲೇ ಮರೆತು ಹೋದ.

ಸಂಜೆ ಶೆಡ್ಡಿನ ದೀಪ ಆರಿತ್ತು.
ಕರೆಂಟು ಹೋಯಿತೆಂದುಕೊಂಡೆ.
ಬರ್ಮೆತ್ ಆ ಸುಟ್ಟ ಐದನೆಯದನ್ನು
ಇಕ್ಕಳದಲ್ಲಿ ಹಿಡಿದು ಬ್ಯಾಟರಿಗೆ ತಂತಿ ಮುಟ್ಟಿಸಿದ್ದಳು.
ಅದು ಕೆಂಪಾಗುವುದಿಲ್ಲವೆಂದು ಅವಳಿಗೆ ಗೊತ್ತು,
ಮೀಟರು ಓದಿದವಳೇ ಅವಳು.
ಆದರೂ ಪಿಸುದನಿಯಲ್ಲಿ ಎಣಿಸುತ್ತಿದ್ದಳು,
ಹದಿನೇಳು, ಹದಿನೆಂಟು,
ಉಂಗುರ ಇನ್ನೂ ಬೆಂಚಿನ ಮೇಲೇ ಇತ್ತು,
ಬಾಗಿಲಲ್ಲಿ ನಿಂತು
ನಾನೂ.